ದಾರ ಬಿದ್ದ ಊರಿನಿಂದ ಒಂದು ಚಿತ್ರಯಾತ್ರೆ

ಕಥೆಯನ್ನು ಕೇಳಿದವನಿಗೆ ಆ ಕಥೆ ನಡೆದ ಸ್ಥಳವನ್ನು ಕಣ್ಣಾರೆ ಕಾಣಬೇಕೆನ್ನಿಸುವುದು ಸಹಜ. ಈ ಹಂಬಲ ಚಲನಚಿತ್ರದೊಡನೆ ಹುಟ್ಟಿದ್ದಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಅದಕ್ಕೆ ಬಹು ಹಿಂದೆಯೇ ದಾರಿ, ತಂಗುದಾಣ, ಕ್ರಮ ಎಲ್ಲವೂ ಏರ್ಪಟ್ಟಿದ್ದವು. ರಾವಣನು ಕೈಲಾಸದಿಂದ ಆತ್ಮಲಿಂಗವನ್ನು ತರುತ್ತಿದ್ದಾಗ ಗಣಪತಿಯು ವಟುವಿನ ವೇಷದಲ್ಲಿ ಬಂದು ಅದನ್ನು ಗೋಕರ್ಣದಲ್ಲಿ ನೆಲಕ್ಕಿಳಿಸಿದ ಕಥೆಯನ್ನು ಅರಿಯದವರಾರು? ನೆಲಕ್ಕಂಟಿದ ಲಿಂಗವನ್ನು ಕೀಳಲಾರದೆ ಕ್ರುದ್ಧನಾದ ದಶಕಂಠನು ಅದರ ಸಂಪುಟ, ಮುಚ್ಚಳ, ವಸ್ತ್ರ, ದಾರಗಳನ್ನು ದಿಕ್ಕುದಿಕ್ಕಿಗೆ ಎಸೆದನಂತೆ. ಸಂಪುಟ ಬಿದ್ದುದು ಕಾರವಾರದ ಬಳಿಯ ಸಜ್ಜೇಶ್ವರದಲ್ಲಿ, ಮುಚ್ಚಳ ಹೊನ್ನಾವರದಾಚೆಯ ಗುಣವಂತೆಯಲ್ಲಿ, ವಸ್ತ್ರ ಮುರ್ಡೇಶ್ವರದಲ್ಲಿ. ದಾರ ಬಿದ್ದುದು ಕುಮಟಾ ತಾಲ್ಲೂಕಿನ ನಮ್ಮ ಧಾರೇಶ್ವರದಲ್ಲಿ. ಹೇಳುವವರು ಬದಲಾದಂತೆ ಯಾವುದು ಎಲ್ಲಿ ಬಿತ್ತೆಂಬುದು ಕೊಂಚ ಹೆಚ್ಚುಕಡಿಮೆಯಾಗುವುದುಂಟು. ಊರುಗಳು ಮಾತ್ರ ಬದಲಾಗುವುದಿಲ್ಲ.

ಒಂದೇ ಕಥೆಯ ತುಣುಕುಗಳು ಐದು ಊರುಗಳಲ್ಲಿ ಚೆದುರಿವೆ. ಭಕ್ತನು ಆ ಐದನ್ನೂ ಸುತ್ತಿ ಬಂದು ಕಥೆಯನ್ನು ಮತ್ತೆ ಒಂದಾಗಿ ಹೊಲಿಯುತ್ತಾನೆ. ಇದೇ ಪಂಚಕ್ಷೇತ್ರ ದರ್ಶನ. ಧಾರೇಶ್ವರವು ಈ ಸಾಲಿನ ನಟ್ಟನಡುವೆ ಇದೆ. ಉತ್ತರಕ್ಕೆ ಗೋಕರ್ಣ, ಸಜ್ಜೇಶ್ವರ. ದಕ್ಷಿಣಕ್ಕೆ ಗುಣವಂತೆ, ಮುರ್ಡೇಶ್ವರ. ಕುಮಟೆಯಿಂದ ಹೊನ್ನಾವರದ ಕಡೆಗೆ ಹೆದ್ದಾರಿಯಲ್ಲಿ ಎಂಟೊಂಬತ್ತು ಕಿಲೋಮೀಟರು ಸಾಗಿದರೆ ಸಿಗುವ ಈ ಊರಿನಲ್ಲಿ ಧಾರಾನಾಥನ ಗುಡಿಯೂ ತೆಂಗಿನ ತೋಟಗಳೂ ಅವುಗಳಾಚೆ ಉದ್ದನೆಯ ಮರಳ ದಂಡೆಯೂ ಇವೆ. ಹೆದ್ದಾರಿಯಲ್ಲಿ ಧಾವಿಸುವ ವಾಹನಗಳ ಪೈಕಿ ಇಲ್ಲಿ ನಿಲ್ಲುವವು ಕಡಮೆ. ಮುರ್ಡೇಶ್ವರದ ಬೃಹತ್ ಶಿವಮೂರ್ತಿಯ ಮುಂದೆ ನಮ್ಮ ಊರಿನ ಗುಡಿ ಯಾರ ಕಣ್ಣಿಗೆ ಬೀಳಬೇಕು?

ಈ ಪೀಠಿಕೆಗೆ ಕಾರಣವಿದೆ. ಜಪಾನ್ ದೇಶದಲ್ಲಿ ಈಗ ಚಲನಚಿತ್ರಗಳಲ್ಲಿ ಕಂಡ ಸ್ಥಳಗಳನ್ನು ಹುಡುಕಿಕೊಂಡು ಹೋಗುವ ಪ್ರವಾಸಕ್ಕೆ ‘ಸೇಚಿ ಜುನ್ರೆ’ ಎನ್ನುತ್ತಾರೆ. ಪುಣ್ಯಸ್ಥಳಗಳ ಯಾತ್ರೆ ಎಂದು ಅದರ ಅರ್ಥ. ‘ಜುನ್ರೆ’ ಎಂಬುದು ದೇವಾಲಯಗಳ ಯಾತ್ರೆಗೆ ಸಲ್ಲುವ ಹಳೆಯ ಮಾತು. ಶಿಕೋಕು ದ್ವೀಪದಲ್ಲಿ ಕೋಬೋ ದೈಶಿ ಎಂಬ ಬೌದ್ಧ ಗುರುವಿನ ನೆನಪಿನಲ್ಲಿ 88 ದೇವಾಲಯಗಳನ್ನು ಸುತ್ತುವ ಸುಮಾರು 1,200 ಕಿಲೋಮೀಟರುಗಳ ಯಾತ್ರೆ ಇಂದಿಗೂ ನಡೆಯುತ್ತದೆ. ಚಿತ್ರರಸಿಕರು ತಮ್ಮ ಅಲೆದಾಟಕ್ಕೆ ಆ ಗಂಭೀರವಾದ ಮಾತನ್ನೇ ಅರ್ಧ ವಿನೋದಕ್ಕಾಗಿ ತೆಗೆದುಕೊಂಡರು. ವಿನೋದವು ಬರಬರುತ್ತ ನಿಜವೇ ಆಯಿತು.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಇಂಥ ಯಾತ್ರೆಯೊಂದರ ಪಟ್ಟಿಯನ್ನು ಸಿದ್ಧಪಡಿಸಿ ನನಗೆ ಕಳುಹಿಸಿದ್ದಳು. ಹದಿನಾಲ್ಕು ದಿನ, ಎಂಟು ನಗರ, ಮೂವತ್ತೊಂದು ಸ್ಥಳ. ಟೋಕಿಯೋದ ಷಿಬುಯಾ ಚೌಕ, ಷಿಂಜುಕುವಿನ ದೀಪಮಾಲೆಗಳು: 2003ರ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಚಿತ್ರಕ್ಕಾಗಿ. ಯೊತ್ಸುಯಾದ ಸುಗಾ ದೇವಾಲಯದ ಬಳಿಯ ಮೆಟ್ಟಿಲು: 2016ರ ‘ಯುವರ್ ನೇಮ್’ ಎಂಬ ಆನಿಮೇಷನ್ ಚಿತ್ರದಲ್ಲಿ ತರುಣ ತರುಣಿಯರು ಕೊನೆಗೆ ಸಂಧಿಸುವ ಜಾಗ. ಹಿಮೇಜಿಯ ಬಿಳಿಯ ಕೋಟೆ: ಜೇಮ್ಸ್ ಬಾಂಡನ 1967ರ ಚಿತ್ರಕ್ಕೂ ಅಕಿರಾ ಕುರೊಸಾವಾನ ‘ಕಾಗೆಮುಷಾ’, ‘ರಾನ್’ ಚಿತ್ರಗಳಿಗೂ ಒದಗಿದ ಕೋಟೆ. ಕುರೊಸಾವಾನ ‘ರಾಷೊಮೋನ್’ಗಾಗಿ ಕ್ಯೋಟೋ ಮತ್ತು ನಾರಾ. ಪಟ್ಟಿಯ ಅಡಿಯಲ್ಲಿ, ಸಮಯ ಉಳಿದರೆ ಎಂಬ ಟಿಪ್ಪಣಿಯೊಡನೆ, ಒನೊಮಿಚಿ ಎಂಬ ಸಣ್ಣ ಬಂದರು. ಹೊರಡುವ ಮೊದಲು ಅಜ್ಜಿಯನ್ನು ಕಾಣಲು ಧಾರೇಶ್ವರಕ್ಕೆ ಒಂದು ರಾತ್ರಿ ಎಂಬುದೂ ಅದೇ ಕಾಗದದ ಅಂಚಿನಲ್ಲಿತ್ತು.

ಪಟ್ಟಿಯನ್ನು ಓದಿದಾಗ ನನಗೆ ಅನ್ನಿಸಿದ್ದನ್ನು ಅವಳಿಗೆ ಬರೆದೆ. ‘ರಾಷೊಮೋನ್’ ಚಿತ್ರದ ಆ ಪಾಳುಬಿದ್ದ ಮಹಾದ್ವಾರವನ್ನು ನೋಡಲು ಕ್ಯೋಟೋಗೆ ಹೋದರೆ ದ್ವಾರ ಸಿಗದು. 1950ರಲ್ಲಿ ತಯಾರಾದ ಆ ಚಿತ್ರಕ್ಕಾಗಿ ದ್ವಾರವನ್ನು ಸ್ಟುಡಿಯೋದ ಅಂಗಳದಲ್ಲಿ ಕಟ್ಟಿದ್ದರು. ಸುರಿಯುವ ಮಳೆ ಛಾಯಾಗ್ರಹಣದಲ್ಲಿ ಕಾಣಲೆಂದು ನೀರಿಗೆ ಕಪ್ಪು ಮಸಿ ಬೆರೆಸಿದ್ದರು. ಕಾಡಿನ ದೃಶ್ಯಗಳಲ್ಲಿ ಕೆಲವು ನಾರಾದ ಕಾಡಿನವು, ಕೆಲವು ಕ್ಯೋಟೋ ಹೊರವಲಯದ ಕೊಮ್ಯೋಜಿ ದೇವಾಲಯದ ಹತ್ತಿರದವು. ತೆರೆಯ ಮೇಲೆ ಒಂದಾಗಿ ಕಂಡ ಸ್ಥಳ ನೆಲದ ಮೇಲೆ ಮೂರಾಗಿದೆ, ಅದರಲ್ಲಿ ಒಂದಂತೂ ಇಲ್ಲವೇ ಇಲ್ಲ. ಇನ್ನೊಂದು ಮಾತು. ಕಾಮಾಕುರಾ ಎಂಬಲ್ಲಿ ಸಮುದ್ರದಂಚಿನ ಪುಟ್ಟ ರೈಲ್ವೆ ಗೇಟೊಂದಿದೆ. ‘ಸ್ಲಾಮ್ ಡಂಕ್’ ಎಂಬ ಚಿತ್ರಮಾಲೆಯಲ್ಲಿ ಅದು ಕಾಣಿಸಿಕೊಂಡ ಮೇಲೆ ಛಾಯಾಚಿತ್ರ ತೆಗೆಯುವವರು ರಸ್ತೆಯ ನಡುವೆಯೇ ನಿಲ್ಲತೊಡಗಿ, ಅಲ್ಲಿಯ ನಿವಾಸಿಗಳು ಬೇಸತ್ತು, ಜನರನ್ನು ನಿಯಂತ್ರಿಸಲು ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಸುಗಾದ ಮೆಟ್ಟಿಲುಗಳ ಇಕ್ಕೆಲದಲ್ಲಿಯೂ ಮನೆಗಳಿವೆ. ಜನ ಅಲ್ಲಿ ಬಟ್ಟೆ ಒಣಗಿಸುತ್ತಾರೆ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾರೆ.

“ಹಾಗಾದರೆ ಹೋಗಲೇಬಾರದೇ, ಮಾವ?” ಎಂದು ಅವಳು ದೂರವಾಣಿಯಲ್ಲಿ ಕೇಳಿದಳು. ಹೋಗಬೇಕು, ಆದರೆ ಹೇಗೆ ಹೋಗಬೇಕೆಂಬುದನ್ನು ಮೊದಲು ಇಲ್ಲಿಯೇ ಅಭ್ಯಾಸ ಮಾಡು ಎಂದೆ. ನಮ್ಮ ಧಾರೇಶ್ವರವನ್ನೇ ಠಾಣೆಯಾಗಿಟ್ಟುಕೊಂಡು ಆರು ದಿನಗಳಲ್ಲಿ ಕನ್ನಡ ಚಿತ್ರಗಳ ಪ್ರಸಿದ್ಧ ಸ್ಥಳಗಳನ್ನು ಒಂದು ಸುತ್ತು ಹಾಕಬಹುದು. ದಸರೆಯ ರಜೆಗೆ ಅವಳೂ ಅವಳ ತಮ್ಮನೂ ಬಂದರು. ನಮ್ಮ ತಾಯಿಯೂ ಹೊರಟು ನಿಂತದ್ದು ಅನಿರೀಕ್ಷಿತ. ನಾವು ಅವರನ್ನು ಆಯಿ ಎನ್ನುತ್ತೇವೆ, ಎಪ್ಪತ್ತೆಂಟು ವರ್ಷ. ಮದುವೆಯಾದ ಹೊಸತರಲ್ಲಿ ತಮ್ಮ ಅತ್ತೆಯವರೊಡನೆ ಪಂಚಕ್ಷೇತ್ರಗಳನ್ನು ಕಂಡು ಬಂದವರು. ಅದಾದ ಮೇಲೆ ಪ್ರವಾಸಕ್ಕೆಂದು ಮನೆ ಬಿಟ್ಟವರಲ್ಲ.

ಇಂಥ ಪ್ರವಾಸ ಕೈಗೊಳ್ಳುವವರು ಮೊದಲು ನಿರ್ಧರಿಸಬೇಕಾದುದು ಕಾಲ. ಜೋಗದಲ್ಲಿ ನೀರು ಬೇಕೆಂದರೆ ಮಳೆಗಾಲದಲ್ಲಿ ಹೋಗಬೇಕು; ಆದರೆ ಅದೇ ಮಳೆಗಾಲದಲ್ಲಿ ಯಾಣದ ಕಾಡಿನಲ್ಲಿ ಇಂಬಳಗಳ ಕಾಟ, ಆಗುಂಬೆಯಲ್ಲಿ ಎದುರಿಗೆ ನಿಂತವರ ಮುಖ ಕಾಣದಷ್ಟು ಮಂಜು. ಬೇಸಿಗೆಯಲ್ಲಿ ಹೋದರೆ ದಾರಿ ಸುಗಮ, ಜೋಗ ಬರೀ ಬಂಡೆ. ಎರಡಕ್ಕೂ ಒಪ್ಪುವುದು ಅಕ್ಟೋಬರ್, ನವೆಂಬರ್ ತಿಂಗಳುಗಳು. ಬೆಂಗಳೂರಿನವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಬೆಳಗಾಗುವಾಗ ಕರಾವಳಿ. ಮುಂಬಯಿ ಕಡೆಯವರಿಗೆ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ. ಇಳಿಯುವುದು ಕುಮಟೆಯಲ್ಲಿ. ಅಲ್ಲಿಂದ ಮುಂದೆ ಬಾಡಿಗೆಯ ಕಾರು ಅನುಕೂಲ; ಮುದುಕರು ಜೊತೆಗಿದ್ದರೆ ಅನಿವಾರ್ಯ. ದಿನಕ್ಕೆ ಒಂದೇ ಮುಖ್ಯ ಸ್ಥಳ ಎಂಬ ನಿಯಮವನ್ನು ನಾನು ಮೊದಲೇ ಹಾಕಿದ್ದೆ. ಹುಡುಗನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

ಮೊದಲ ದಿನ ಯಾಣ. ಕುಮಟೆಯಿಂದ ಸುಮಾರು ಮೂವತ್ತು ಕಿಲೋಮೀಟರು, ಶಿರಸಿಯ ದಾರಿಯಲ್ಲಿ ಹೋಗಿ ಕಾಡಿನೊಳಗೆ ತಿರುಗಬೇಕು. ಕಾರು ನಿಂತಲ್ಲಿಂದ ಕಾಲುದಾರಿ. ಮರಗಳ ಸಂದಿನಿಂದ ಮೊದಲು ಕಾಣುವುದು ಕಪ್ಪು ಬಣ್ಣದ ಒಂದು ಗೋಡೆ. ತಲೆ ಎತ್ತಿದಷ್ಟೂ ಎತ್ತರ. ಭೈರವೇಶ್ವರ ಶಿಖರ 120 ಮೀಟರು, ಅದರ ಪಕ್ಕದ ಮೋಹಿನಿ ಶಿಖರ 90 ಮೀಟರು. ಸುಣ್ಣಶಿಲೆಯ ಈ ಬಂಡೆಗಳು ಸುಟ್ಟು ಕರಕಲಾದಂತೆ ಕಾಣುವುದರಿಂದಲೇ ಭಸ್ಮಾಸುರನು ಮೋಹಿನಿಯ ನರ್ತನಕ್ಕೆ ಮರುಳಾಗಿ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದ ಸ್ಥಳವಿದೆಂಬ ಪ್ರತೀತಿ. ಭೈರವೇಶ್ವರನ ಗವಿಯಲ್ಲಿ ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ.

‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬುದು ನಮ್ಮ ಕಡೆಯ ಹಳೆಯ ಗಾದೆ. ಗೋಕರ್ಣದ ಯಾತ್ರೆಗೆ ಹಣ ಬೇಕು, ಯಾಣದ ಕಾಡು ಹೊಕ್ಕು ಬರಲು ಮೈಯಲ್ಲಿ ಕಸುವು ಬೇಕು ಎಂದರ್ಥ. ಆ ಗಾದೆಯನ್ನು ಸುಳ್ಳು ಮಾಡಿದ್ದು ತೊಂಬತ್ತರ ದಶಕದ ‘ನಮ್ಮೂರ ಮಂದಾರ ಹೂವೆ’. ಸುನೀಲ್‌ಕುಮಾರ್ ದೇಸಾಯಿಯವರ ಆ ಚಿತ್ರದಲ್ಲಿ ಶಿವರಾಜಕುಮಾರ್, ರಮೇಶ್, ಪ್ರೇಮಾ ಅವರಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದವು ಈ ಬಂಡೆಗಳೇ. ಅದಕ್ಕೆ ಮೊದಲು ಶಿವರಾತ್ರಿಯ ಜಾತ್ರೆಗೆ ಬರುವ ಭಕ್ತರೂ ಸುತ್ತಲಿನ ಹಳ್ಳಿಗರೂ ಬಲ್ಲ ಸ್ಥಳ. ಆಮೇಲೆ ನಾಡಿಗೆಲ್ಲ ಪರಿಚಿತ. ದಾರಿಯಾಯಿತು, ಮೆಟ್ಟಿಲಾಯಿತು. ಅದರಿಂದಲೇ ಆಯಿಯೂ ಹತ್ತಿ ಬರಲು ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಪ್ಲಾಸ್ಟಿಕ್ಕಿನ ಬಾಟಲಿಗಳೂ ಅದೇ ಮೆಟ್ಟಿಲುಗಳನ್ನು ಹತ್ತಿ ಬಂದಿವೆ.

ಮೂವತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿ ಜೀವಮಾನವೆಲ್ಲ ಕಳೆದ ಆಯಿ ಯಾಣವನ್ನು ಅಂದೇ ಮೊದಲು ಕಂಡದ್ದು. ಆ ಚಿತ್ರವನ್ನು ಅವರು ನೋಡಿದವರಲ್ಲ. ನನ್ನ ಸೊಸೆ, ಅಂದರೆ ತಂಗಿಯ ಮಗಳು, ಕೈಯಲ್ಲಿನ ಫೋನಿನಲ್ಲಿ ಚಿತ್ರದ ದೃಶ್ಯವೊಂದನ್ನು ನಿಲ್ಲಿಸಿಕೊಂಡು, ಕ್ಯಾಮೆರಾ ಎಲ್ಲಿಂದ ನೋಡಿರಬಹುದೆಂದು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದ್ದಳು. ಆಯಿ ಗವಿಯ ಬಾಗಿಲಲ್ಲಿ ಕುಳಿತು, ಭಸ್ಮಾಸುರ ಯಾವ ಕಡೆಯಿಂದ ಓಡಿ ಬಂದಿರಬಹುದು, ಮೋಹಿನಿ ಎಲ್ಲಿ ನಿಂತಿರಬೇಕು ಎಂದು ಮೊಮ್ಮಗನಿಗೆ ಬೆರಳು ತೋರಿಸಿ ಹೇಳುತ್ತಿದ್ದರು. ಇಬ್ಬರೂ ಮಾಡುತ್ತಿದ್ದುದು ಒಂದೇ ಕೆಲಸ. ಹುಡುಗಿಯು ತಾನು ಹುಡುಕುತ್ತಿದ್ದ ಕೋನ ಸಿಕ್ಕಿತೆಂದು ಕೂಗಿದಳು, ಚಿತ್ರ ತೆಗೆದಳು. ಐದು ನಿಮಿಷದಲ್ಲಿ ಆ ಕೆಲಸ ಮುಗಿದುಹೋಯಿತು. ಬಳಿಕ ಏನು ಮಾಡಬೇಕೆಂದು ತೋಚದೆ ಅಜ್ಜಿಯ ಪಕ್ಕದಲ್ಲಿ ಬಂದು ಕುಳಿತಳು. ಒಂದು ಗಂಟೆಯ ಮೇಲೆ ನಾನೇ ಎಬ್ಬಿಸಬೇಕಾಯಿತು.

ಎರಡನೆಯ ದಿನ ಹೊನ್ನಾವರದಿಂದ ಶರಾವತಿಯ ಜೊತೆಜೊತೆಗೇ ಒಳನಾಡಿಗೆ ಹೊರಟು ಗೇರುಸೊಪ್ಪೆಯ ಘಟ್ಟವನ್ನೇರಿದೆವು. ಈ ಕಣಿವೆ ಸಿಂಗಳೀಕಗಳ ಬೀಡು. ನಮಗೆ ಒಂದೂ ಕಾಣಿಸಲಿಲ್ಲ. ಘಟ್ಟ ಹತ್ತಿದ ಮೇಲೆ ಜೋಗ. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ 253 ಮೀಟರು ಧುಮುಕುವ ಈ ಜಲಪಾತದ ವರ್ಣನೆಯನ್ನು ವಾಚಕರು ಎಷ್ಟು ಸಲ ಓದಿಲ್ಲ! ಅದನ್ನು ಬಿಟ್ಟು ಚಿತ್ರದ ಮಾತಿಗೆ ಬರುತ್ತೇನೆ. 2006ರ ಕೊನೆಯಲ್ಲಿ ತೆರೆಕಂಡ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಜೋಗಕ್ಕೆ ಹೊಸದೊಂದು ಪೀಳಿಗೆಯನ್ನೇ ಕರೆತಂದಿತು. ಕಥೆ ನಡೆಯುವುದು ಮಡಿಕೇರಿಯಲ್ಲಿ. ನಾಯಕ ನಾಯಕಿಯರು ಕುಣಿಯುವುದು ಜೋಗದ ನೆತ್ತಿಯ ಬಂಡೆಗಳ ಮೇಲೆ. ಕೊಡಗೆಲ್ಲಿ, ಜೋಗವೆಲ್ಲಿ! ಚಿತ್ರಮಂದಿರದಲ್ಲಿ ಕುಳಿತವರು ಈ ದೂರವನ್ನು ಅರೆಕ್ಷಣದಲ್ಲಿ ದಾಟಿದರು, ಯಾರಿಗೂ ಆಯಾಸವಾಗಲಿಲ್ಲ. ಪ್ರವಾಸದ ಪಟ್ಟಿ ಮಾಡುವವರು ಮಾತ್ರ ಇದನ್ನು ಮರೆಯಬಾರದು. ಒಂದು ಚಿತ್ರದ ಸ್ಥಳಗಳನ್ನೆಲ್ಲ ನೋಡುತ್ತೇನೆಂದು ಹೊರಟರೆ ನಾಡಿನ ಅರ್ಧ ಭಾಗ ಅಲೆಯಬೇಕಾದೀತು.

ಆ ಚಿತ್ರದಲ್ಲಿ ಕಂಡಂತೆ ನೆತ್ತಿಯ ಬಂಡೆಗಳ ಮೇಲೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವ ಆಸೆ ಎಳೆಯರಲ್ಲಿ ಹುಟ್ಟುವುದು ಸಹಜ. ನಮ್ಮ ಹುಡುಗನೂ ಕೇಳಿದ. ಚಿತ್ರತಂಡದವರಿಗೆ ಕಾಯುವವರು, ಹಿಡಿಯುವವರು ಇದ್ದರು. ಹಾಸುಬಂಡೆಯ ಪಾಚಿಗೆ ಅದರ ಅರಿವಿಲ್ಲ. ಆ ಬಯಕೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಲೇಸು. 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಜೋಗದ ನೀರು ಮಳೆಯ ಜೊತೆಗೆ ಮನುಷ್ಯನ ಲೆಕ್ಕಾಚಾರವನ್ನೂ ಅನುಸರಿಸುತ್ತದೆ. ನಾವು ಹೋದ ದಿನ ರಾಜಾ ತಕ್ಕಮಟ್ಟಿಗೆ ತುಂಬಿದ್ದ. ರಾಣಿ ಬಿಳಿಯ ನೂಲಿನಂತೆ. ಮಕ್ಕಳಿಗೆ ಸಿನಿಮಾದಲ್ಲಿ ಕಂಡದ್ದಕ್ಕಿಂತ ಚಿಕ್ಕದಾಗಿ ಕಂಡಿತಂತೆ. ಮಂಜು ಮೇಲೆದ್ದು ಎಲ್ಲವನ್ನೂ ಮುಚ್ಚಿ, ಬರೀ ಸದ್ದು ಉಳಿದಾಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು.

ಆ ರಾತ್ರಿ ಸಾಗರದಲ್ಲಿ ಉಳಿದು, ಮರುದಿನ ಅರಸಾಳಿಗೆ ಹೋದೆವು. ತಾಳಗುಪ್ಪ–ಶಿವಮೊಗ್ಗ ರೈಲುಮಾರ್ಗದಲ್ಲಿ ಕಾಡಿನ ನಡುವಿನ ಸಣ್ಣ ನಿಲ್ದಾಣವಿದು. ರೈಲಿನಲ್ಲಿಯೇ ಬಂದಿಳಿಯಬೇಕೆನ್ನುವವರು ಯಾವ ಗಾಡಿ ಅಲ್ಲಿ ನಿಲ್ಲುತ್ತದೆಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಕನ್ನಡಿಗರ ಮಟ್ಟಿಗೆ ಚಿತ್ರಯಾತ್ರೆಯ ಗರ್ಭಗುಡಿ ಯಾವುದೆಂದು ಕೇಳಿದರೆ ಈ ನಿಲ್ದಾಣವನ್ನೂ ಇದಕ್ಕೆ ಜೋಡಿಯಾದ ಆಗುಂಬೆಯನ್ನೂ ತೋರಿಸುತ್ತೇನೆ. ಆರ್. ಕೆ. ನಾರಾಯಣರು ಮಾಲ್ಗುಡಿ ಎಂಬ ಊರನ್ನು ಕಲ್ಪಿಸಿದರು. ಆ ಊರು ಭೂಪಟದಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ದೂರದರ್ಶನಕ್ಕಾಗಿ ನೆಲದ ಮೇಲೆ ಹುಡುಕಿ ಕೊಟ್ಟವರು ನಮ್ಮ ಹೊನ್ನಾವರದ ಶಂಕರ್ ನಾಗ್. ಅರಸಾಳು ಮಾಲ್ಗುಡಿಯ ರೈಲು ನಿಲ್ದಾಣವಾಯಿತು, ಆಗುಂಬೆ ಮಾಲ್ಗುಡಿಯ ಬೀದಿಗಳಾಯಿತು. ಎರಡರ ನಡುವೆ ದೂರದ ದಾರಿ ಇದೆ. ‘ಮಾಲ್ಗುಡಿ ಡೇಸ್’ ನೋಡಿದವರಿಗೆ ಸ್ವಾಮಿಯ ಮನೆಯಿಂದ ನಿಲ್ದಾಣಕ್ಕೆ ನಡೆದೇ ಹೋಗಬಹುದು.

ಹಳೆಯ ನಿಲ್ದಾಣದ ಕಟ್ಟಡವನ್ನು 2020ರಲ್ಲಿ ದುರಸ್ತಿ ಮಾಡಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಆ ಕೆಲಸವನ್ನು ವಹಿಸಿಕೊಂಡವರು ಜಾನ್ ದೇವರಾಜ್, ಶಂಕರ್ ನಾಗರ ಆ ಮಾಲಿಕೆಗೆ ಕಲಾ ನಿರ್ದೇಶಕರಾಗಿದ್ದವರೇ. ತಾವೇ ಒಮ್ಮೆ ಸುಳ್ಳು ಊರಾಗಿ ಸಜ್ಜುಗೊಳಿಸಿದ್ದ ನಿಲ್ದಾಣವನ್ನು ಸುಮಾರು ಮೂರೂವರೆ ದಶಕಗಳ ಮೇಲೆ ಅದೇ ಸುಳ್ಳಿನ ಸ್ಮಾರಕವಾಗಿ ಸಿಂಗರಿಸುವ ಯೋಗ ಎಷ್ಟು ಜನ ಕಲಾವಿದರಿಗೆ ಒದಗೀತು? ಹುಡುಗನು ಅಲ್ಲಿಯ ಬೆಂಚಿನ ಮೇಲೆ ಕುಳಿತು, ಇದು ನಿಜವಾದ ಮಾಲ್ಗುಡಿಯೋ ಅಲ್ಲವೋ ಎಂದು ಕೇಳಿದ. ಆಯಿ ನನಗಿಂತ ಮೊದಲು ಉತ್ತರ ಕೊಟ್ಟರು: “ನಮ್ಮೂರಿನಲ್ಲಿ ದಾರ ಬಿದ್ದದ್ದು ನಿಜವಾದರೆ ಇದೂ ನಿಜ.” ಹುಡುಗನಿಗೆ ಅರ್ಥವಾಗಲಿಲ್ಲ. ಅವನ ಅಕ್ಕ ಮಾತ್ರ ಆ ವಾಕ್ಯವನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು.

ತೀರ್ಥಹಳ್ಳಿಯಲ್ಲಿ ರಾತ್ರಿ ಕಳೆದು ನಾಲ್ಕನೆಯ ದಿನ ಆಗುಂಬೆ ಸೇರಿದೆವು. ವರ್ಷಕ್ಕೆ ಸರಾಸರಿ 7,600 ಮಿಲಿಮೀಟರುಗಳಷ್ಟು ಮಳೆ ಕಾಣುವ ಊರು. ಹೆಂಚುಗಳ ಮೇಲೂ ಅಂಗಳದ ಕಲ್ಲುಗಳ ಮೇಲೂ ಹಸುರು ಪಾಚಿ. ಶಂಕರ್ ನಾಗ್ ಇಲ್ಲಿಗೆ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ವಿದ್ಯುತ್ ತಂತಿಗಳೂ ಹೊಸ ಕಟ್ಟಡಗಳೂ ಕಣ್ಣಿಗೆ ಹೆಚ್ಚು ಅಡ್ಡ ಬರದ ಒಂದು ಬೀದಿ, ಮರದ ಕಂಬಗಳ ಒಂದು ದೊಡ್ಡಮನೆ: ಸ್ವಾತಂತ್ರ್ಯಪೂರ್ವದ ಊರೊಂದಕ್ಕೆ ಬೇಕಾದುದೆಲ್ಲ ಇಲ್ಲಿ ಸಿದ್ಧವಾಗಿಯೇ ಇತ್ತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಓಡಾಡಿದ, ಗಿರೀಶ ಕಾರ್ನಾಡರು ಅವನ ತಂದೆಯಾಗಿ ಗದರಿದ ಮನೆ ಈ ದೊಡ್ಡಮನೆಯೇ. ಮಾಲಿಕೆ ಪ್ರಸಾರವಾದದ್ದು 1986ರ ಸುಮಾರಿಗೆ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ.

ದೊಡ್ಡಮನೆಯ ವಿಷಯದಲ್ಲಿ ಹೇಳಲೇಬೇಕಾದ ಮಾತೊಂದಿದೆ. ಅದು ಸ್ಟುಡಿಯೋ ಅಲ್ಲ, ಸಂಗ್ರಹಾಲಯವೂ ಅಲ್ಲ. ಜನ ಬಾಳುವ ಮನೆ. ಪ್ರವಾಸಿಗಳನ್ನು ಆದರದಿಂದ ಕಾಣುವ ಖ್ಯಾತಿ ಅದಕ್ಕಿದೆ. ಆ ಕಾರಣದಿಂದಲೇ ಹೋಗುವವರು ಹೆಚ್ಚು ಎಚ್ಚರದಿಂದ ಹೋಗಬೇಕು. ನಾವು ಹೊಸ್ತಿಲ ಹೊರಗೆ ನಿಂತು ಒಪ್ಪಿಗೆ ಕೇಳಿ ಒಳಹೊಕ್ಕೆವು. ಅದೇ ಹೊತ್ತಿಗೆ ಬಂದ ಇನ್ನೊಂದು ಗುಂಪಿನ ತರುಣನೊಬ್ಬ ಚಪ್ಪಲಿಯೊಡನೆಯೇ ಜಗಲಿ ಹತ್ತಿ, ಕ್ಯಾಮೆರಾ ಮುಂದೆ ಮಾಡಿಕೊಂಡು ಒಳಕೋಣೆಯವರೆಗೂ ನಡೆದುಬಿಟ್ಟ. ಆತ ಕೆಟ್ಟವನೆಂದು ನನಗೆ ಅನ್ನಿಸಲಿಲ್ಲ. ಮಾಲ್ಗುಡಿ ಅವನದೇ ಊರು, ಬಾಲ್ಯದಲ್ಲಿ ಎಷ್ಟೋ ಸಲ ಆ ಮನೆಯೊಳಗೆ ಹೋಗಿಬಂದವನು; ಅಪ್ಪಣೆ ಏತಕ್ಕೆಂಬ ಭಾವ. ಸೊಸೆಯ ಮುಖ ಕೆಂಪಾಯಿತು. ಸುಗಾದ ಮೆಟ್ಟಿಲುಗಳ ಪಕ್ಕದ ಮನೆಗಳ ಬಗ್ಗೆ ನಾನು ಬರೆದದ್ದು ಅವಳಿಗೆ ಆಗ ನೆನಪಾಯಿತಂತೆ. ಆಯಿ ಅಷ್ಟರಲ್ಲಿ ಒಳಗಿನವರೊಡನೆ ಅಡಕೆಯ ಕೊಯ್ಲು, ಮಳೆಗೆ ಕೊಳೆರೋಗ ಬಂದದ್ದು, ಉಪ್ಪಿನಕಾಯಿಯ ಮಿಡಿ ಎಂದು ಮಾತಿಗೆ ತೊಡಗಿ, ಬಂದದ್ದು ಏತಕ್ಕೆಂಬುದನ್ನೇ ಮರೆತಿದ್ದರು. ನಾವು ಹೊರಡುವಾಗ ಅವರ ಕೈಯಲ್ಲಿ ಒಂದು ಪೊಟ್ಟಣ ಇತ್ತು. ಏನೆಂದು ಕೇಳಿದರೆ ಹೂವಿನ ಬೀಜ ಎಂದರು.

ಐದನೆಯ ದಿನ ಹದಿನಾಲ್ಕು ಕಡಿದಾದ ತಿರುವುಗಳ ಘಟ್ಟವನ್ನಿಳಿದು ಉಡುಪಿಯ ಮಲ್ಪೆಗೆ ಬಂದೆವು. ರಕ್ಷಿತ್ ಶೆಟ್ಟಿಯವರ 2014ರ ‘ಉಳಿದವರು ಕಂಡಂತೆ’ ಈ ಮೀನುಗಾರಿಕಾ ಬಂದರಿನ ಕಥೆ. ನಡೆದ ಕೊಲೆ ಒಂದು. ಅದನ್ನು ಕಂಡವರು, ಕೇಳಿದವರು ಹೇಳುವ ಕಥೆಗಳು ಹಲವು. ‘ರಾಷೊಮೋನ್’ ಚಿತ್ರದ ನೆನಪು ಬಾರದಿರದು. 1951ರಲ್ಲಿ ವೆನಿಸ್ ಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿ ಪಡೆದು ಜಪಾನಿನ ಚಿತ್ರಗಳತ್ತ ಜಗತ್ತಿನ ಕಣ್ಣು ತೆರೆಸಿದ ಆ ಕಥನಕ್ರಮ ಅರವತ್ತು ವರ್ಷಗಳ ಮೇಲೆ ಮಲ್ಪೆಯ ಮೀನುದೋಣಿಗಳ ನಡುವೆ ಮತ್ತೆ ಬಾಳಿತು. ಕ್ಯೋಟೋದ ಸ್ಟುಡಿಯೋದಲ್ಲಿ ಇಲ್ಲದ ಮಹಾದ್ವಾರವನ್ನು ಹುಡುಕುವುದಕ್ಕಿಂತ ಸಂಜೆಯ ಮಲ್ಪೆ ಧಕ್ಕೆಯಲ್ಲಿ ನಿಂತರೆ ಕುರೊಸಾವಾನ ಕಾಣಿಕೆ ಹೆಚ್ಚು ಸ್ಪಷ್ಟವಾಗುತ್ತದೆಂಬುದು ನನ್ನ ಎಣಿಕೆ. ಮೀನಿನ ವಾಸನೆಗೆ ಆಯಿ ಕಾರಿನಿಂದ ಇಳಿಯಲಿಲ್ಲ. ಕೃಷ್ಣಮಠಕ್ಕೆ ಹೋಗುವುದೆಂದು ಹೇಳಿದ ಮೇಲೆಯೇ ಸಮಾಧಾನ.

ಕೊನೆಯ ದಿನ ಕರಾವಳಿಯ ಗುಂಟ ಉತ್ತರಕ್ಕೆ. ಕುಂದಾಪುರದ ಒಳಭಾಗದಲ್ಲಿ ಕೆರಾಡಿ ಇದೆ, 2022ರಲ್ಲಿ ದೇಶವೆಲ್ಲ ಮಾತನಾಡಿದ ‘ಕಾಂತಾರ’ ಚಿತ್ರೀಕರಣವಾದ, ರಿಷಬ್ ಶೆಟ್ಟಿಯವರ ಸ್ವಂತ ಊರು. ನಾವು ಅತ್ತ ತಿರುಗಲಿಲ್ಲ. ದಿನಕ್ಕೆ ಒಂದೇ ಸ್ಥಳವೆಂಬ ನಿಯಮವನ್ನು ಈ ಬಾರಿ ಹುಡುಗನೇ ನೆನಪಿಸಿದ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ. ಅಲ್ಲಿ ಎಲ್ಲರಂತೆ ನಾವೂ ಇಳಿದು ನಿಂತೆವು. ಭಟ್ಕಳ ದಾಟಿದ ಮೇಲೆ ಶಿರಾಲಿ. ಅನಂತ್ ನಾಗರ ಬಾಲ್ಯದ ಕೆಲವು ವರ್ಷಗಳು ಕಳೆದುದು ಇಲ್ಲಿಯ ಚಿತ್ರಾಪುರ ಮಠದ ಆಶ್ರಯದಲ್ಲಿ. ಚಿತ್ರ ತೆಗೆದ ಸ್ಥಳಗಳಿಗೆ ಫಲಕಗಳಿವೆ, ಕಲಾವಿದರು ಬೆಳೆದ ಊರುಗಳನ್ನು ವಾಹನಗಳು ಹಾಗೆಯೇ ಹಾದುಹೋಗುತ್ತವೆ. ಮುರ್ಡೇಶ್ವರ, ಗುಣವಂತೆಗಳಲ್ಲಿ ಆಯಿ ಇಳಿದು ಕೈಮುಗಿದರು. ಹೊನ್ನಾವರದಲ್ಲಿ ಶರಾವತಿ ದಾಟುವಾಗ, ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲಿನ ಸೇತುವೆಯ ಮೇಲೆ ಗಾಡಿಯೊಂದು ಬೆಳಕಿನ ಗೆರೆಯಂತೆ ಸಾಗುತ್ತಿತ್ತು.

ಮನೆಗೆ ಬಂದ ರಾತ್ರಿ ಸೊಸೆ ತನ್ನ ಪಟ್ಟಿಯ ಕೊನೆಯಲ್ಲಿದ್ದ ಒನೊಮಿಚಿಯ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದಳು. ಯಾಸುಜಿರೊ ಓಜು 1953ರಲ್ಲಿ ತೆಗೆದ ‘ಟೋಕಿಯೋ ಸ್ಟೋರಿ’. ಒನೊಮಿಚಿಯಲ್ಲಿ ನೆಲೆಸಿದ ಮುದುಕ ಮುದುಕಿ ಟೋಕಿಯೋದಲ್ಲಿರುವ ಮಕ್ಕಳನ್ನು ಕಾಣಲು ಹೊರಡುತ್ತಾರೆ. ಮಕ್ಕಳು ಕೆಟ್ಟವರಲ್ಲ, ಬಿಡುವಿಲ್ಲದವರು. ಹೆತ್ತವರನ್ನು ಮನೆಯಲ್ಲಿಟ್ಟುಕೊಳ್ಳಲಾರದೆ ಅತಾಮಿ ಎಂಬ ಬಿಸಿನೀರ ಬುಗ್ಗೆಗಳ ಊರಿಗೆ ಕಳುಹಿಸುತ್ತಾರೆ. ಪ್ರೀತಿಯಿಂದ ಉಪಚರಿಸುವವಳು ಯುದ್ಧದಲ್ಲಿ ತೀರಿಕೊಂಡ ಮಗನ ಹೆಂಡತಿ ಮಾತ್ರ. ಊರಿಗೆ ಮರಳಿದ ಮೇಲೆ ತಾಯಿ ಸಾಯುತ್ತಾಳೆ. ಹುಡುಗಿಯು ಸಂಭಾಷಣೆಗಳನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಅರ್ಧದ ಮೇಲೆ ಹೇಳುವುದನ್ನು ನಿಲ್ಲಿಸಿದಳು, ಆಯಿಗೂ ಅದು ಬೇಕಾಗಲಿಲ್ಲ. ಒಳನಾಡ ಸಮುದ್ರ, ದಂಡೆಯಲ್ಲಿ ದೋಣಿಗಳು, ಮನೆಗಳ ಹಿಂದೆಯೇ ಹಾಯುವ ರೈಲು, ಗುಡ್ಡದ ಮೇಲೆ ಜೋದೋಜಿ ದೇವಾಲಯದ ಕಲ್ಲಿನ ದೀಪಸ್ತಂಭಗಳು. ಮುದುಕನು ಬೆಳಗಿನ ಜಾವ ಒಬ್ಬನೇ ಅಲ್ಲಿ ನಿಂತು ಸಮುದ್ರವನ್ನು ನೋಡುವ ದೃಶ್ಯ ಬಂದಾಗ ಆಯಿ, “ಇದು ಇನ್ನೂ ಇದೆಯೇ, ಕೂಸೆ?” ಎಂದು ಕೇಳಿದರು. ಇದೆ, ದೇವಾಲಯವೂ ಇದೆ, ರೈಲೂ ಓಡುತ್ತದೆ ಎಂದಳು ಹುಡುಗಿ.

ಮರುದಿನ ಉಳಿದೆರಡು ಕ್ಷೇತ್ರಗಳಾದ ಗೋಕರ್ಣ, ಸಜ್ಜೇಶ್ವರಗಳಿಗೆ ಹೋಗಿ ಬಂದೆವು. ಆಯಿಯ ಲೆಕ್ಕದಲ್ಲಿ ನಮ್ಮ ಪ್ರವಾಸ ಮುಗಿದದ್ದು ಆಗಲೇ. ಸೊಸೆ ಬೆಂಗಳೂರಿಗೆ ಹಿಂದಿರುಗಿ ಹದಿನೈದು ದಿನಗಳ ಮೇಲೆ ಹೊಸ ಪಟ್ಟಿ ಕಳುಹಿಸಿದಳು. ಮೂವತ್ತೊಂದು ಸ್ಥಳಗಳ ಪೈಕಿ ಉಳಿದವು ಎಂಟು. ಕಾಮಾಕುರಾದ ರೈಲ್ವೆ ಗೇಟು ಇಲ್ಲ. ಸುಗಾದ ಮೆಟ್ಟಿಲು ಇದೆ, ಎದುರಿಗೆ ‘ಬೆಳಗ್ಗೆ ಬೇಗ, ಸದ್ದಿಲ್ಲದೆ’ ಎಂದು ಬರೆದಿದೆ. ಹಿಮೇಜಿಗೆ ಒಂದು ದಿನ, ನಾರಾದ ಕಾಡಿಗೆ ಒಂದು ದಿನ. ಷಿಂಕಾನ್ಸೆನ್ ರೈಲಿನಿಂದ ಫುಕುಯಾಮಾದಲ್ಲಿ ಇಳಿದು, ಅಲ್ಲಿಂದ ಸ್ಥಳೀಯ ಗಾಡಿಯಲ್ಲಿ ಇಪ್ಪತ್ತು ನಿಮಿಷ ಹೋದರೆ ಒನೊಮಿಚಿ; ಅಲ್ಲಿ ಮೂರು ರಾತ್ರಿ. ಹೊರಡುವ ಮೊದಲು ಧಾರೇಶ್ವರದಲ್ಲಿ ಒಂದು ವಾರ. ಅಂಚಿನಲ್ಲಿ ಇನ್ನೊಂದು ಸಾಲಿತ್ತು: ಅಜ್ಜಿಯ ಪಾಸ್‌ಪೋರ್ಟಿಗೆ ಏನೇನು ಕಾಗದಪತ್ರ ಬೇಕಾಗುತ್ತವೆಂದು ಮಾವ ಕುಮಟೆಯಲ್ಲಿ ವಿಚಾರಿಸಬೇಕು.